ಮಾತು ಬಿಟ್ಟರು, ಬೆಂಚು ಬಿಡಲಿಲ್ಲ

ನಮ್ಮ ದೊಡ್ಡಪ್ಪನಿಗೆ ಗುಟ್ಟಾಗಿ ಪ್ರಾರ್ಥನೆ ಮಾಡಲು ಬರುವುದಿಲ್ಲ. ಅವರ ತಪ್ಪೊಪ್ಪಿಗೆ ದೇವರನ್ನು ಮುಟ್ಟುವ ಮೊದಲೇ ಹಿಂದಿನ ಮೂರು ಬೆಂಚಿನವರನ್ನು ಮುಟ್ಟಿರುತ್ತದೆ! ತಪ್ಪು ಅವರದಲ್ಲ. ನಲವತ್ತು ವರ್ಷ ಬನಹಟ್ಟಿಯ ವಿದ್ಯುತ್ ಮಗ್ಗಗಳ ನಡುವೆ ನಿಂತು ರಿಪೇರಿ ಮಾಡಿದವರು. ಆ ಖಟಖಟದಲ್ಲಿ ಪಕ್ಕದವನ ಹತ್ತಿರ ಬೋಲ್ಟು ಬಿಗಿಯುವ ಪಾನಾ ಕೇಳಬೇಕಾದರೂ ಕೂಗಬೇಕು. ಕಿವಿ ಅರ್ಧ ಹೋಯಿತು, ದನಿ ದುಪ್ಪಟ್ಟಾಯಿತು.

ಜಗಳ ಹುಟ್ಟಿದ್ದೂ ಹೀಗೆಯೇ. ಒಂದು ಭಾನುವಾರ ನಮ್ಮ ಚರ್ಚಿನ ಪಾಸ್ಟರ್ ಉಪದೇಶ ಮುಗಿಸುವ ಲಕ್ಷಣವೇ ಕಾಣಲಿಲ್ಲ. ದೊಡ್ಡಪ್ಪ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಬೇಡಿಕೊಂಡರು. ಮನಸ್ಸಿನಲ್ಲೇ ಎಂದು ತಿಳಿದವರು ಅವರೊಬ್ಬರೇ.

“ಕರ್ತನೇ, ಎಲ್ಲಿ ನಿಲ್ಲಸಬೇಕಂತ ಇವರಿಗೆ ತೋರಸಪಾ. ಹೊಟ್ಟಿ ಚುರುಗುಟ್ಟಾಕತ್ತೈತಿ.”

ಇಡೀ ಚರ್ಚು ನಕ್ಕಿತು. ಪಾಸ್ಟರ್ ಮುಖ ಕೆಂಪಾಯಿತು. “ಹೊಟ್ಟಿ ಚಿಂತಿ ಇದ್ದವರು ಖಾನಾವಳಿಗೆ ಹೋಗಬಹುದು,” ಎಂದುಬಿಟ್ಟರು.

ಅಂದಿನಿಂದ ದೊಡ್ಡಪ್ಪ ಪಾಸ್ಟರ್ ಜೊತೆ ಮಾತು ಬಿಟ್ಟರು. ಚರ್ಚು ಬಿಟ್ಟರೇ? ಎಲ್ಲಿಯದು! ಮರುವಾರ ಎಲ್ಲರಿಗಿಂತ ಮೊದಲು ಬಂದು ಮುಂದಿನ ಬೆಂಚಿನಲ್ಲೇ ಕೂತರು, ಪಾಸ್ಟರ್ ಕಣ್ಣಿಗೆ ನೇರವಾಗಿ.

ಆದರೆ ನಮ್ಮವರಲ್ಲಿ ಒಂದು ಕಟ್ಟುಪಾಡಿದೆ. ಯಾರ ಮೇಲಾದರೂ ಮನಸ್ತಾಪವಿದ್ದರೆ, ರಾಜಿಯಾಗುವ ತನಕ, ಯೇಸುವಿನ ನೆನಪಿಗೆ ಚರ್ಚಿನಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿಗೆ ಕೈ ಚಾಚಬಾರದು. ತಿಂಗಳ ಮೊದಲ ಭಾನುವಾರ ಎಲ್ಲರೂ ಮುಂದೆ ಹೋಗಿ ಮಂಡಿಯೂರುವಾಗ ದೊಡ್ಡಪ್ಪ ತಲೆ ತಗ್ಗಿಸಿ ಬೆಂಚಿಗೆ ಅಂಟಿಕೊಂಡಿರುತ್ತಿದ್ದರು. ಮದುವೆಯಾದಾಗಿನಿಂದ ಅವರ ಜೋಡಿಯಾಗಿ ಮಂಡಿಯೂರಿದ್ದ ದೊಡ್ಡವ್ವ ಈಗ ಒಬ್ಬರೇ ಹೋಗಿ, ಒಬ್ಬರೇ ಬರುತ್ತಿದ್ದರು.

“ನನ್ನ ಜೋಡಿ ಯಾವಾಗ ಬರ್ತೀರಿ?” ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದರು. ದೊಡ್ಡಪ್ಪ ಆಗ ಮಾತ್ರ ಪೂರ್ತಿ ಕಿವುಡರಾಗುತ್ತಿದ್ದರು.

ನಾನು ಪತ್ರಿಕೆಯಲ್ಲಿ ಕೆಲಸ ಮಾಡುವವನು. ಎರಡೂ ಕಡೆಯ ಹೇಳಿಕೆ ಪಡೆದೆ. ಅಕ್ಷರಶಃ ಒಂದೇ ಇದ್ದವು: “ಮೊದಲ ಅವರು ಮಾತಾಡ್ಲಿ.”

ಮಾತಿಲ್ಲದಿದ್ದರೆ ಚರ್ಚಿನ ಕೆಲಸ ನಡೆಯುವುದು ಹೇಗೆ? ಇಬ್ಬರೂ ದೇವರನ್ನೇ ಟಪಾಲಿನವನನ್ನಾಗಿ ಮಾಡಿಕೊಂಡರು!

“ಕರ್ತನೇ, ಗಂಟಿ ಹಗ್ಗ ಹರದೈತಿ. ಯಾರಿಗೆ ಹೇಳಬೇಕೋ ಅವರಿಗೆ ಹೇಳು,” ಎಂದು ದೊಡ್ಡಪ್ಪ ಬೆಂಚಿನಿಂದ.

“ಕರ್ತನೇ, ಹೊಸ ಹಗ್ಗ ತಂದು ಮೂಲ್ಯಾಗ ಇಟ್ಟೀವಿ. ಕಟ್ಟಾವರಿಗೆ ಕಣ್ಣು ಕೊಡು,” ಎಂದು ಪಾಸ್ಟರ್ ಪೀಠದಿಂದ.

ನಾವೆಲ್ಲ “ಆಮೆನ್” ಎಂದೆವು. ಸಂಜೆಯೊಳಗೆ ದೊಡ್ಡಪ್ಪ ಹಗ್ಗ ಕಟ್ಟಿದ್ದರು.

ಈ ಸುದ್ದಿ ಮಹಾಲಿಂಗಪುರದ ಹೊಸ ಪ್ರಾರ್ಥನಾ ಮಂದಿರದವರೆಗೂ ಹೋಯಿತು. ಅಲ್ಲಿಂದ ಇಬ್ಬರು ಮನೆಗೇ ಬಂದರು. “ಕಾಕಾರ, ನಮ್ಮಲ್ಲಿ ಬರ್ರಿ. ಮೆತ್ತನ ಕುರ್ಚಿ ಅದಾವು. ಎಷ್ಟ ಜೋರ ಪ್ರಾರ್ಥನಾ ಮಾಡಿದ್ರೂ ಯಾರೂ ಏನೂ ಅನ್ನಂಗಿಲ್ಲ.”

ದೊಡ್ಡಪ್ಪನಿಗೆಂದೇ ಹೊಲಿಸಿದ ಅಂಗಿಯಂಥ ಆಹ್ವಾನ! ಅವರು ಚಹಾ ಕುಡಿಸಿ ಹೇಳಿದರು: “ನನ್ನ ಜಗಳ ಇಲ್ಲೈತಿ. ಅದನ್ನ ಬಿಟ್ಟು ನಾ ಎಲ್ಲಿಗೆ ಬರ್ಲೋ ತಮ್ಮಾ?”

ಹೀಗೆ ಒಂದೂವರೆ ವರ್ಷ. ದೊಡ್ಡಪ್ಪ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ, ಒಂದು ಮಾತನ್ನೂ ಆಡಲಿಲ್ಲ.

ಒಂದು ದಿನ ನಾನೂ ದೊಡ್ಡಪ್ಪನೂ ಊಟಕ್ಕೆ ಕೂತಾಗ ದೊಡ್ಡವ್ವ ರೊಟ್ಟಿ ಬಡಿಸುತ್ತ ಅಂದರು, “ಬಿಟ್ಟವರು ನೀವೊಬ್ಬರ ಅಲ್ರೀ. ಪಾಸ್ಟರೂ ಅಂದಿನಿಂದ ಕರ್ತನ ರೊಟ್ಟಿ ಬಾಯಿಗೆ ಹಚ್ಚಿಲ್ಲ. ಎಲ್ಲಾರಿಗೂ ಕೊಡ್ತಾರ, ತಾವು ತಗೊಳ್ಳಂಗಿಲ್ಲ. ನಾ ಮುಂದ ಮಂಡಿ ಊರಿರ್ತೇನಲಾ, ನನಗ ಕಾಣತೈತಿ.”

ದೊಡ್ಡಪ್ಪನ ಕೈ ತಾಟಿನಲ್ಲೇ ನಿಂತಿತು. ನನಗೂ ನಾಚಿಕೆಯಾಯಿತು. ಎಲ್ಲವನ್ನೂ ಗಮನಿಸುತ್ತೇನೆ ಎಂದುಕೊಂಡಿದ್ದ ನಾನು ಇದನ್ನು ಕಂಡಿರಲಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ದೊಡ್ಡವ್ವ ಎದ್ದಾಗ ದೊಡ್ಡಪ್ಪನೂ ಎದ್ದರು. ಹಾಡುತ್ತಿದ್ದವರ ಹಾಡು ಅರ್ಧಕ್ಕೆ ನಿಂತಿತು. ಅವರು ದೊಡ್ಡವ್ವನ ಪಕ್ಕದಲ್ಲಿ ಮಂಡಿಯೂರಿದರು. ಪಾಸ್ಟರ್ ರೊಟ್ಟಿಯ ಚೂರು ಕೊಟ್ಟರು. ದೊಡ್ಡಪ್ಪ ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಅಂಗೈಯಲ್ಲೇ ಹಿಡಿದು ತಲೆ ಎತ್ತಿದರು.

“ನೀವು ತಗೋರಿ ಪಾಸ್ಟರ್. ಆಮ್ಯಾಲ ನಾನು.”

ಪಾಸ್ಟರ್ ಒಂದು ಚೂರು ಮುರಿದುಕೊಂಡು, ನಮ್ಮೆಲ್ಲರ ಮುಂದೆ ಅಳುತ್ತಲೇ ತಿಂದರು. ಅವರು ನುಂಗುವ ತನಕ ದೊಡ್ಡಪ್ಪ ಕಾದರು.