ಜವಳಿ ಅಂಗಡಿಗೆ ಬಂದ ಗಾಜಿನ ಬಾಗಿಲು

ಅಂಗಡಿ ಬೀದಿಯಲ್ಲಿ ಕೂತವನು ನಗು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ, ಎದುರಿಗೊಬ್ಬ ಜಂಬದ ಸಾಹುಕಾರ ಇದ್ದರೆ ಸಾಕು. ಎಪ್ಪತ್ತರ ದಶಕದಲ್ಲಿ ಬನಶಂಕರಿ ಎಂದರೆ ಬೆಂಗಳೂರಿನ ಕೊನೆ. ಕೋಣನಕುಂಟೆ, ಉತ್ತರಹಳ್ಳಿ, ತಲಘಟ್ಟಪುರದ ರೈತರಿಗೆ ಮಾತ್ರ ಅದೇ ಪೇಟೆ. ನನ್ನದು ಹಗ್ಗ, ಕುಡುಗೋಲಿನ ಅಂಗಡಿ. ಎದುರಿನದು ಜವಳಿ ಅಂಗಡಿ. ಆ ಸಾಹುಕಾರರ ಮನೆ ಒಲೆ ಉರಿಯುತ್ತಿದ್ದದ್ದೇ ಹಳ್ಳಿಯವರ ಮದುವೆ ಜವಳಿಯಿಂದ. ಆದರೆ ಸುತ್ತ ಲೇಔಟುಗಳು ಎದ್ದ ಮೇಲೆ ಅವರ ಕಣ್ಣಿಗೆ ಹಳ್ಳಿಯವರ ಕಾಲಿನ ಮಣ್ಣು ಮಾತ್ರ ಕಾಣತೊಡಗಿತು.

ಎರಡು ಕುರ್ಚಿ

ಮೊದಲು ನೆಲದ ಜಮಖಾನ ತೆಗೆಸಿ ಎರಡು ಮೆತ್ತನೆ ಕುರ್ಚಿ ಹಾಕಿಸಿದರು. ಕೋಣನಕುಂಟೆಯ ಯಜಮಾನರೊಬ್ಬರು ಮಗಳ ಮದುವೆ ಜವಳಿಗೆಂದು ಬೀಗರ ಸಮೇತ ಗಾಡಿ ಕಟ್ಟಿಕೊಂಡು ಬಂದರು.

"ಕೂತ್ಕೊಳ್ಳಿ ಬೀಗ್ರೇ."

"ಛೆ, ಹಿರೀರು ನೀವು ನಿಂತಿರುವಾಗ ನಾವ್ ಕೂರೋದಾ? ನೀವ್ ಕೂತ್ಕೊಳ್ಳಿ."

ಯಾರೂ ಕೂರದೆ ಸೀರೆ ಬಿಚ್ಚುವ ಹಾಗಿಲ್ಲ. ಮಧ್ಯಾಹ್ನದವರೆಗೂ ಈ ಮರ್ಯಾದೆಯೇ ನಡೆಯಿತು. ಕೊನೆಗೆ ಎಲ್ಲರೂ ರಸ್ತೆ ದಾಟಿ ಬಂದು ನನ್ನ ಹಗ್ಗದ ಸುರುಳಿಗಳ ಮೇಲೆ ಆರಾಮಾಗಿ ಕೂತರು. ಸಾಹುಕಾರರು ರೇಷ್ಮೆ ಸೀರೆಗಳನ್ನು ಹೊತ್ತು ತಂದು ನನ್ನ ಅಂಗಡಿಯಲ್ಲೇ ಬಿಚ್ಚಿ ತೋರಿಸಿದರು. ಪಾಪ ಅಂತ ಅವರಿಗೂ ಒಂದು ಸುರುಳಿ ಕೊಟ್ಟೆ.

ಫ್ಯಾನಿನ ಗಾಳಿ

ಆ ಕುರ್ಚಿಗಳಲ್ಲಿ ಕೂತವರೇ ಇರಲಿಲ್ಲ ಎನ್ನಲಾರೆ. ಜಯನಗರದ ಇಬ್ಬರು ಹೆಂಗಸರು ಬಂದು ಫ್ಯಾನ್ ಜೋರು ಮಾಡಿಸಿ, ಬೀರುವಿನಲ್ಲಿದ್ದ ಸೀರೆಗಳನ್ನೆಲ್ಲ ಕೆಳಗಿಳಿಸಿದರು. ಒಂದರ ಬಣ್ಣ ಸರಿಯಿಲ್ಲ, ಇನ್ನೊಂದರ ಅಂಚು ದಪ್ಪ. ಸಾಹುಕಾರರು ಹಲ್ಲು ಕಿರಿದು ಕಾಫಿಯನ್ನೂ ತರಿಸಿದರು. ಹಳ್ಳಿಯವರಿಗೆ ಅವರು ನೀರು ಕೊಟ್ಟದ್ದನ್ನೂ ನಾನು ನೋಡಿರಲಿಲ್ಲ.

"ಯಾವ್ದು ಕಟ್ಲಿ ಮೇಡಂ?"

"ಅಯ್ಯೋ ಬಿಡಿ, ನಮ್ ಬಸ್ ಬಂತು!"

ಗಾಜಿನ ಬಾಗಿಲು

ಇಷ್ಟಾದರೂ ಬುದ್ಧಿ ಬರಲಿಲ್ಲ. ಧೂಳು ಬರುತ್ತದೆಂದು ಗಾಜಿನ ಬಾಗಿಲು ಮಾಡಿಸಿ, ಸಂತೆ ದಿನವೇ ಅದನ್ನು ಮುಚ್ಚಿಕೊಂಡು ಒಳಗೆ ಲೆಕ್ಕದ ಪುಸ್ತಕದಲ್ಲಿ ತಲೆ ಹುದುಗಿಸಿ ಕೂತರು. ಅಂದು ಕೋಣನಕುಂಟೆಯ ಅದೇ ಯಜಮಾನರು ಎರಡನೇ ಮಗಳ ಮದುವೆ ಜವಳಿಗೆ ಬರುವುದಿತ್ತು. ಆ ಒಂದು ವ್ಯಾಪಾರ ನಂಬಿಕೊಂಡೇ ಸಾಹುಕಾರರು ಅಂಗಡಿ ತುಂಬ ಸರಕು ತರಿಸಿದ್ದರು.

ನಮ್ಮ ಕಡೆ ಸಂತೆ ದಿನ ಅಂಗಡಿ ಮುಚ್ಚಿದೆಯೆಂದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಲೆಕ್ಕ. ಬಿಸಿಲಿಗೆ ಗಾಜು ಹೊಳೆದು ಒಳಗೆ ಕೂತವರು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಬೆಳಿಗ್ಗೆ ಬಂದ ಯಜಮಾನರು ಬಾಗಿಲು ನೋಡಿ, ತಲೆ ಅಲ್ಲಾಡಿಸಿ ಹೊರಟುಹೋದರು. ಮಧ್ಯಾಹ್ನ ಮನೆಮಂದಿಯೊಡನೆ ದೊಡ್ಡ ಹೂವಿನ ಹಾರ ಹಿಡಿದು ವಾಪಸು ಬಂದರು. ಬಾಗಿಲ ಮುಂದೆ ಹೆಂಗಸರು ಗೋಳೋ ಎಂದು ಅಳತೊಡಗಿದರು. ನಾನು ಬಾಯಿ ಬಿಡುವಷ್ಟರಲ್ಲಿ ಬಾಗಿಲು ತೆರೆಯಿತು, ಸತ್ತವರೇ ಹೊರಗೆ ಬಂದರು.

"ಅಯ್ಯೋ, ಇದೀರಾ ಸಾವ್ಕಾರ್ರೇ! ಹೋದ್ವಾರ ಕೆಮ್ತಾ ಇದ್ರಿ, ಇವತ್ತು ಬಾಗ್ಲು ಹಾಕಿತ್ತು. ಹೋಗ್ಬಿಟ್ರು ಅಂದ್ಕೊಂಡ್ವಿ."

"ಗಟ್ಟಿಯಾಗೇ ಇದೀನಿ! ಒಳಗ್ ಬನ್ನಿ, ಮದುವೆ ಜವಳಿ ನೋಡಿ."

"ಜವಳಿ ಬೆಳಿಗ್ಗೇನೇ ಮೂಲೆ ಅಂಗಡೀಲಿ ತಗೊಂಡಾಯ್ತಲ್ಲ."

ಸಾಹುಕಾರರ ಮುಖ ಈಗ ನಿಜವಾಗಿಯೂ ಹೆಣದಂತಾಯಿತು. ಅವರ ಕಣ್ಣು ಯಜಮಾನರ ಕಂಕುಳಲ್ಲಿದ್ದ ಹೊಸ ಪಂಚೆಯ ಮೇಲೆ ಬಿತ್ತು.

"ಅದೇನದು?"

"ನಿಮಗೆ ಹೊದಿಸೋಕೆ ಅಂತ ತಂದಿದ್ವಿ."

"ನನ್ ಹೆಣಕ್ಕೂ ಆ ಮೂಲೆ ಅಂಗಡಿ ಬಟ್ಟೆನಾ?"

ಯಜಮಾನರು ನೊಂದುಕೊಂಡೇ ಹೇಳಿದರು: "ಇನ್ನೇನ್ ಮಾಡೋದು ಸಾವ್ಕಾರ್ರೇ, ನಿಮ್ ಅಂಗಡಿ ಮುಚ್ಚಿತ್ತಲ್ಲ."