ಕಸ್ತೂರಿಯ ವಧುಪರೀಕ್ಷೆ

ನಮ್ಮ ಮೌಶಿ ಕಳೆದ ವರ್ಷ ಹದಿನೇಳು ಕನ್ಯಾದಾನ ಮಾಡಿದ್ದಾಳೆ. ಕನ್ಯೆಯರಿಗೆಲ್ಲ ನಾಲ್ಕು ಕಾಲು! ತಪ್ಪಾಯಿತು, ಒಬ್ಬಳಿಗೆ ಮೂರು. ಅವರಲ್ಲಿ ಆರು ಮಂದಿ ಗಂಡು ಎಂಬುದನ್ನು ಮೌಶಿ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಮೌಶಿ ಎಂದರೆ ನನ್ನ ತಾಯಿಯ ತಂಗಿ. ಧಾರವಾಡದಿಂದ ಸಿಯಾಟಲ್‌ಗೆ ಎಂ.ಎಸ್. ಓದಲು ಬಂದು, ಮೂವತ್ತು ವರ್ಷ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ರೆಕ್ಕೆಗಳು ಮುರಿಯದಂತೆ ನೋಡಿಕೊಂಡು, ಈಗ ಈಸ್ಟ್‌ಗೇಟ್‌ನ ಕಾಂಡೋ ಎಂಬ ಅಪಾರ್ಟ್‌ಮೆಂಟ್ ಒಂದರಲ್ಲಿ ಒಬ್ಬಳೇ ಇದ್ದಾಳೆ. ಒಬ್ಬಳೇ ಎಂಬುದು ಮನುಷ್ಯರ ಲೆಕ್ಕದಲ್ಲಿ. ಸಾಕುವವರು ಸಿಕ್ಕರೆ ಚೆನ್ನಾಗಿ ಬದುಕಬಲ್ಲ ನಾಯಿ ಬೆಕ್ಕುಗಳಿಗೂ ಜಾಗವಿಲ್ಲವೆಂದು ಅನಾಥ ಪ್ರಾಣಿಗಳನ್ನಿಡುವ ಕೆಲವು ಶೆಲ್ಟರ್‌ಗಳಲ್ಲಿ ಸೂಜಿ ಚುಚ್ಚಿ ಶಾಶ್ವತವಾಗಿ ಮಲಗಿಸಿಬಿಡುತ್ತಾರೆ. ಹಾಗಾಗದಂತೆ ಅವನ್ನು ಮೊದಲೇ ಬಿಡಿಸಿ ತಂದು ಮನೆ ಹುಡುಕಿಕೊಡುವ ಸಂಸ್ಥೆಯೊಂದು ಇಲ್ಲಿದೆ. ಮೌಶಿ ಅದರ ಸ್ವಯಂಸೇವಕಿ. ಉಳಿದ ಸ್ವಯಂಸೇವಕರು ಫೋಟೊ ತೋರಿಸಿ ನಾಯಿ ಕೊಡುತ್ತಾರೆ. ನಮ್ಮ ಮೌಶಿ ಹೆಣ್ಣು ತೋರಿಸುತ್ತಾಳೆ!

ಪಕ್ಕಾ ನಮ್ಮ ಕಡೆಯ ಶಾಸ್ತ್ರ. ನಾಯಿಗೊಂದು ಬಯೋಡೇಟಾ. ಬಂದವರಿಗೆ ಉಪ್ಪಿಟ್ಟು, ಶಿರಾ, ಚಹಾ. ತಿಂದು ಮುಗಿದ ಮೇಲೆ ಒಳಗಿನಿಂದ ನಾಯಿಯ ಪ್ರವೇಶ. ಲಸಿಕೆ ಹಾಕಿಸಿದ್ದೀರಾ ಎಂದು ಕೇಳಲು ಬಂದ ಅಮೆರಿಕನ್ ದಂಪತಿ, ತಮ್ಮ ಮನೆತನದಲ್ಲಿ ಯಾರಿಗಾದರೂ ಸಿಟ್ಟು ಜಾಸ್ತಿಯೇ ಎಂಬ ಪ್ರಶ್ನೆಗೆ ಉತ್ತರಿಸಿ ಸುಸ್ತಾಗುತ್ತಾರೆ. ಡೌನ್‌ಟೌನ್ ಬೆಲ್ವ್ಯೂನ ಗಗನಚುಂಬಿಯಲ್ಲಿರುವ ಟೆಕ್ಕಿ ಹುಡುಗನೊಬ್ಬನನ್ನಂತೂ ಆಕೆ ಸಾರಾಸಗಟಾಗಿ ತಿರಸ್ಕರಿಸಿದಳು.

"ಛಲೋ ಹುಡುಗ ಇದ್ದನಲ್ಲ ಮೌಶಿ?" ಎಂದೆ.

"ಎಲ್ಲೀ ಛಲೋ! ಮನ್ಯಾಗ ಬರೇ ಪ್ರೋಟೀನ್ ಪೌಡರ್ ಅದ ಅಂತ. ನಮ್ಮ ಕೂಸು ಏನ್ ತಿನ್ನಬೇಕು?"

ಈ ಶಾಸ್ತ್ರದಲ್ಲಿ ಹೆಣ್ಣಿನ ಕಡೆಯ ಹಿರಿಯನಾಗಿ ಗಂಭೀರವಾಗಿ ಕೂರುವ ಕೆಲಸ ನನ್ನದು. ನನ್ನ ಅರ್ಹತೆ? ಹೊಟ್ಟೆ ಇದೆ, ಕನ್ನಡಕ ಇದೆ, ಶನಿವಾರ ಬಿಡುವಿದೆ. ನಾಯಿ ಎಂದರೆ ನನಗೆ ವಿಪರೀತ ಹೆದರಿಕೆ ಎಂಬುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ನಾಯಿ ಒಳಗೆ ಬರುತ್ತಲೇ ನಾನು ಸೋಫಾದ ಮೇಲೆ ಪದ್ಮಾಸನ ಹಾಕುತ್ತೇನೆ. ಬಂದವರು ನನ್ನನ್ನು ಯೋಗಪಟು ಎಂದುಕೊಂಡಿದ್ದಾರೆ.

ಸಂಸ್ಥೆಯ ಫಾರ್ಮ್ ತುಂಬುವವನೂ ನಾನೇ. ಕಸ್ತೂರಿ ಎಂಬ ಹನ್ನೊಂದು ವರ್ಷದ ಕರಿನಾಯಿಯ ಸರದಿ ಬಂದಾಗ ವಿಳಾಸದ ಕಾಲಂ ಕಂಡಿತು. ಹೆಣ್ಣಿನ ಹಿರಿಯ ನಾನು ತಾನೇ? ಬಯೋಡೇಟಾದಲ್ಲಿ ಹಾಕುವಂತೆ ನನ್ನ ಹೆಸರು, ನನ್ನ ಮನೆ ವಿಳಾಸ ಹಾಕಿಬಿಟ್ಟೆ. ಅದು, ಮನೆ ಸಿಗುವವರೆಗೆ ನಾಯಿಯನ್ನು ಇಟ್ಟುಕೊಳ್ಳುವವರ ವಿಳಾಸ! ಮೂರನೆಯ ದಿನ ವ್ಯಾನು ಬಂದು ಕಸ್ತೂರಿಯನ್ನು ನಮ್ಮ ಬಾಗಿಲಲ್ಲಿ ಇಳಿಸಿತು. ಬಳಕೆದಾರರು ಏನನ್ನೂ ಓದುವುದಿಲ್ಲ ಎಂದು ಆಫೀಸಿನಲ್ಲಿ ದಿನಾ ಹಲ್ಲು ಕಡಿಯುವ ಸಾಫ್ಟ್‌ವೇರ್ ಎಂಜಿನಿಯರ್ ನಾನು, ಸ್ವಾಮಿ!

ಮೌಶಿಯ ಮನೆಯಲ್ಲಿ ಆಗಲೇ ಎರಡಿದ್ದವು, ಮೂರನೆಯದಕ್ಕೆ ಕಾಂಡೋದವರ ಅನುಮತಿಯಿಲ್ಲ. ಹದಿನೈದು ದಿನಕ್ಕೆ ಒಪ್ಪಿಕೊಂಡೆ. ಕಸ್ತೂರಿ ಹಾಲ್‌ನಲ್ಲಿ ಕಾಲು ಚಾಚಿ ಮಲಗಿದರೆ, ನಾನು ಅಡುಗೆಮನೆ ಕಟ್ಟೆಯ ಮೇಲೆ ಕೂತು ಆಫೀಸಿನ ಮೀಟಿಂಗ್ ಮುಗಿಸುತ್ತಿದ್ದೆ.

"ಡ್ಯಾಡ್, ಅವಳಿಗೆ ಇರೋದು ಜಸ್ಟ್ ಫೈವ್ ಟೀತ್!" ಎಂದು ಮಗಳು ನಕ್ಕಳು.

"ನನ್ನ ಕಾಲಿಗೆ ಐದು ಸಾಕವ್ವಾ," ಎಂದೆ.

ಹದಿನೈದು ದಿನದ ಮೇಲೆ ಒಂದು ದಿನವೂ ಆಗುವುದಿಲ್ಲ ಎಂದು ಸಂಸ್ಥೆಗೆ ಮೇಲ್ ಹಾಕಿದೆ. ಬೇರೆಲ್ಲ ಮನೆಗಳೂ ಭರ್ತಿಯಾಗಿವೆ, ಯಾರೂ ಸಿಗದಿದ್ದರೆ ಬಂದ ಶೆಲ್ಟರ್‌ಗೇ ವಾಪಸು ಕಳಿಸಬೇಕಾದೀತು ಎಂದು ಉತ್ತರ ಬಂತು. ಅಲ್ಲಿ ಮುದಿನಾಯಿಗೆ ಏನು ಕಾದಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಮೇಲನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಗಡುವಿನ ಶನಿವಾರ ಮಧ್ಯಾಹ್ನ ಮೌಶಿಯ ಮನೆಗೆ ಹುಬ್ಬಳ್ಳಿ ಕಡೆಯ ದಂಪತಿ ಬಂದರು. ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡರು. ನನಗೆ ಭಾರೀ ಭರವಸೆ! ಮಗಳು ಬೆಳಿಗ್ಗೆಯೇ ಅಲ್ಲಿಗೆ ಬಿಟ್ಟುಹೋಗಿದ್ದ ಕಸ್ತೂರಿ ಒಳಗಿನಿಂದ ನಿಧಾನವಾಗಿ ನಡೆದು ಬಂದು, ಯಜಮಾನರ ಪಾದದ ಮೇಲೆ ತಲೆಯಿಟ್ಟಳು. ಅವರು ಮೆಲ್ಲಗೆ ಕಾಲು ಎಳೆದುಕೊಂಡು ಹೆಂಡತಿಯ ಮುಖ ನೋಡಿದರು.

"ವಯಸ್ಸು ಸ್ವಲ್ಪ ಜಾಸ್ತಿ ಆತೇನೋ... ಮನಿಗೆ ಹೋಗಿ ತಿಳಸ್ತೀವ್ರಿ."

ನಮ್ಮ ಕಡೆ ಈ ಮಾತಿಗೆ ಯಾರೂ ಫೋನಿನ ಮುಂದೆ ಕಾಯುತ್ತ ಕೂರುವುದಿಲ್ಲ. ಕಸ್ತೂರಿಗೆ ಅದು ಗೊತ್ತಿಲ್ಲವಲ್ಲ, ಅವರ ಹಿಂದೆಯೇ ಬಾಗಿಲವರೆಗೂ ಹೋದಳು. ಕಾರು ಹೊರಟು ಎಷ್ಟೋ ಹೊತ್ತಾದರೂ ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತಿದ್ದಳು. ಎಪ್ಪತ್ತು ದಾಟಿದ ಮೌಶಿ ಗೋಡೆ ಹಿಡಿದು ಅವಳ ಪಕ್ಕ ನೆಲಕ್ಕೆ ಕೂತಳು.

"ಮೌಶಿ, ನೆಲ ತಣ್ಣಗದ. ಏಳು," ಎಂದೆ.

"ನನ್ನ ಒಂಬತ್ತು ಸಲ ತೋರಿಸಿದ್ರೋ," ಎಂದಳು ಮೌಶಿ, ನನ್ನ ಕಡೆ ನೋಡದೆ. "ಒಂಬತ್ತೂ ಸಲ ಹೀಂಗ ಹೇಳಿ ಹೋದ್ರು. ಮಂದಿ ಹೋದ ಮ್ಯಾಲ ಅಪ್ಪ ಬಂದು ನನ್ನ ಬಾಜೂಕ ಕೂಡ್ತಿದ್ದ. ಬರೇ ಕೂಡ್ತಿದ್ದ, ಅಷ್ಟ. ಅಷ್ಟಕ್ಕ ನನಗ ತಡಕೊಳ್ಳಿಕ್ಕೆ ಆಗ್ತಿತ್ತು. ಈಕಿಗೆ ಯಾರದಾರೋ?"

ಪಾರ್ಟಿಗಳಲ್ಲಿ ಎಷ್ಟು ಸಲ ಈ ಶಾಸ್ತ್ರದ ಕತೆ ಹೇಳಿ ಜನರನ್ನು ನಗಿಸಿದ್ದೆ ನಾನು! ಬಹಳ ನಾಚಿಕೆಯಾಯಿತು. ಕಸ್ತೂರಿಯ ಇನ್ನೊಂದು ಪಕ್ಕ ಹೋಗಿ ಕೂತೆ. ಆ ಐದು ಹಲ್ಲು ನೆನಪಾದವು, ಆದರೂ ಅವಳ ಬೆನ್ನ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು.

"ಮೌಶಿ," ಎಂದೆ, "ಹುಡುಗಿ ನಮಗ ಪಸಂದ ಅದಾಳ."

ಮೌಶಿಯ ಬಗ್ಗೆ ಯಾರೂ ಎಂದೂ ಆಡದ ಮಾತು ಅದು. ಮೌಶಿ ಸ್ವೆಟರಿನ ತೋಳನ್ನು ಕಣ್ಣಿಗೊತ್ತಿಕೊಂಡು ಬಹಳ ಹೊತ್ತು ಅತ್ತಳು.