ಎಂಟಿಂಚಿನ ದಾರಿ

ಬೀದಿಯೆಲ್ಲ ಅವನನ್ನು ನಾಳೆ ಟೈಲರ್ ಎಂದೇ ಕರೆಯುತ್ತಿತ್ತು. ಬುಧವಾರಕ್ಕೆ ಒಪ್ಪಿಕೊಂಡ ಬಟ್ಟೆ ಶನಿವಾರ ಸಿಕ್ಕರೆ ಗಿರಾಕಿಯ ಪುಣ್ಯ. ಶನಿವಾರ ಬೇಕಾದವರು ಬುಧವಾರವೇ ಬೇಕೆಂದು ಸುಳ್ಳು ಹೇಳುವುದನ್ನು ಕಲಿತಿದ್ದರು. ಸ್ವಂತ ಮದುವೆಗೇ ಮೂರು ಗಂಟೆ ತಡವಾಗಿ ಹೋದ ಮಹಾನುಭಾವ ಅವನು. ಹೆಂಡತಿಯ ಅಣ್ಣ ಆವತ್ತು ಸಿಟ್ಟಾದವನು ಒಂಬತ್ತು ವರ್ಷ ಇವರ ಹೊಸ್ತಿಲು ತುಳಿದಿರಲಿಲ್ಲ. ಇವತ್ತು ದೂರದ ದೇಶದಿಂದ ವಿಮಾನದಲ್ಲಿ ಬರುತ್ತಿದ್ದ.

"ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದಕ್ಕೆ ಇಳೀತಾನೆ. ಇವತ್ತೂ ತಡ ಮಾಡಿದ್ರೆ ಅಣ್ಣನ ಜೊತೆ ನಾನೂ ಹೊರಟೆ ಅಂದ್ಕೊಳ್ಳಿ," ಎಂದಿದ್ದಳು ಹೆಂಡತಿ.

ಪಕ್ಕದಂಗಡಿಯ ಗಡಿಯಾರ ರಿಪೇರಿಯವನು ಮೂಗು ತೂರಿಸಿದ. ಎರಡೂ ಹೊತ್ತು ನಮ್ಮೂರಿನ ಗಡಿಯಾರದ್ದೇ ಸರಿ, ಆದರೆ ಅಷ್ಟು ದೂರ ಐದು ಗಂಟೆಯಲ್ಲಿ ಯಾವ ವಿಮಾನವೂ ಬರಲಾರದು ಎಂದ. ಅಷ್ಟಕ್ಕೇ ಸುಮ್ಮನಾಗದೆ ತನ್ನಂಗಡಿಯ ಮೇಜಿನ ಮೇಲಿದ್ದ ಭೂಗೋಳವನ್ನು ಹೊತ್ತು ತಂದ. ಅದರ ಮೇಲೆ ಒಂದಿಂಚೆಂದರೆ ಒಂಬೈನೂರು ಕಿಲೋಮೀಟರು, ವಿಮಾನಕ್ಕೆ ಒಂದು ಗಂಟೆಯ ದಾರಿ. ದಾರ ಇಟ್ಟು ಅಳೆದ. ಎಂಟಿಂಚು. ಅಂದರೆ ಇಳಿಯುವುದು ಮಧ್ಯಾಹ್ನ ಎರಡು ಗಂಟೆಗೆ.

ಟೈಲರನಿಗೆ ಮೈಯೆಲ್ಲ ಉರಿಯಿತು. "ನನಗೇ ಅಳತೆ ಹೇಳ್ಕೊಡ್ತೀಯಾ?" ಎಂದು ಕೊರಳಿನ ಟೇಪು ಎಳೆದು ಭೂಗೋಳಕ್ಕೆ ಸುತ್ತಿದ. ದೊಡ್ಡ ಹೊಟ್ಟೆಯ ಗಿರಾಕಿಗಳಿಗೆ ಬೇಜಾರಾಗದಂತೆ ಮೂರಿಂಚು ಕಡಿಮೆ ಹೇಳುವುದು ಅವನ ಇಪ್ಪತ್ತು ವರ್ಷದ ಅಭ್ಯಾಸ. ಎದುರಿಗಿದ್ದದ್ದೂ ಒಂದು ಹೊಟ್ಟೆಯೇ ತಾನೆ? "ಐದಿಂಚು!" ಎಂದು ಗುಡುಗಿ, ರಿಪೇರಿಯವನನ್ನು ಭೂಗೋಳದ ಸಮೇತ ಹೊರಗೆ ಅಟ್ಟಿದ.

ಆ ಹಟಕ್ಕೇ ಹತ್ತಕ್ಕೆಲ್ಲ ವಿಮಾನ ನಿಲ್ದಾಣದಲ್ಲಿದ್ದ. ಹನ್ನೊಂದಕ್ಕೆ ಯಾವುದೋ ವಿಮಾನ ಇಳಿಯಿತು, ಜನ ಹೊರಬಂದರು, ಭಾವ ಮಾತ್ರ ಇಲ್ಲ. ವಿಚಾರಿಸುವ ಕೌಂಟರು ಎದುರಿಗೇ ಇತ್ತು. ಕೇಳಿದರೆ ಆ ರಿಪೇರಿಯವನು ಗೆದ್ದಂತಲ್ಲವೇ? ಸತ್ತರೂ ಕೇಳುವುದಿಲ್ಲ ಎಂದುಕೊಂಡ. ಕಂಡೂ ಕಾಣದಂತೆ ಹೋಗಿದ್ದಾನೆ, ಒಂಬತ್ತು ವರ್ಷವಾದರೂ ಕೊಬ್ಬು ಇಳಿದಿಲ್ಲ ಎಂದು ಮಧ್ಯಾಹ್ನ ಒಂದರವರೆಗೆ ಹಲ್ಲು ಕಡಿದು, ದುಮುಗುಡುತ್ತ ಮನೆಗೆ ಬಂದ.

"ಅಣ್ಣ ಎಲ್ಲಿ?" ಎಂದಳು ಹೆಂಡತಿ.

"ಹನ್ನೊಂದಕ್ಕೇ ಇಳಿದು ನನ್ನ ಮುಂದೆಯೇ ಹೋದನಲ್ಲ, ನಿನ್ನ ಅಣ್ಣ!"

ಅವಳು ತಲೆಯ ಮೇಲೆ ಕೈ ಹೊತ್ತು ಕುಳಿತಳು. "ಅವನು ಇಳಿಯೋದು ಎರಡು ಗಂಟೆಗೆ ಕಣ್ರೀ. ಹನ್ನೊಂದು ಅಂದ್ರೆ ನೀವು ಎರಡಕ್ಕೆ ಹೋಗ್ತೀರ ಅಂತ ಗಿರಾಕಿಗಳ ಹಾಗೆ ನಾನೂ ಸುಳ್ಳು ಹೇಳಿದ್ದೆ. ಹುಟ್ಟಿದಾಗಿಂದ ಇಲ್ಲದ್ದು, ಇವತ್ತೇ ಹೊತ್ತಿಗೆ ಸರಿಯಾಗಿ ಹೋಗ್ಬೇಕಿತ್ತಾ?"

ಗಡಿಯಾರ ನೋಡಿದ. ಎರಡೂಕಾಲು. ಚಪ್ಪಲಿ ಮೆಟ್ಟಿ ಓಡಿದ. ಅರ್ಧ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ನಿಲ್ದಾಣ ಮುಟ್ಟಿದಾಗ ಅಲ್ಲಿ ಕಸ ಗುಡಿಸುವವರನ್ನು ಬಿಟ್ಟರೆ ಯಾರೂ ಇರಲಿಲ್ಲ.

ಬೆವರಿಳಿಸುತ್ತ ಮನೆಗೆ ಮರಳಿದರೆ, ಭಾವ ಅವನ ಕುರ್ಚಿಯಲ್ಲೇ ಕುಳಿತಿದ್ದ. ಪಕ್ಕದಲ್ಲಿ ರಿಪೇರಿಯವನು. ತನ್ನ ಎಂಟಿಂಚನ್ನು ನಂಬಿ, ಅಂಗಡಿ ಮುಚ್ಚಿ, ಎರಡಕ್ಕೆ ಸರಿಯಾಗಿ ಸ್ಕೂಟರಿನಲ್ಲಿ ಹೋಗಿ, ಮದುವೆಯಲ್ಲಿ ನೋಡಿದ್ದ ಮುಖ ಗುರುತು ಹಿಡಿದು ಕರೆತಂದಿದ್ದ.

ಭಾವ ಕೈಗಡಿಯಾರ ನೋಡಿಕೊಂಡ. ಐದು ಗಂಟೆ. "ಮೂರು ಗಂಟೆ ತಡ. ಒಂಬತ್ತು ವರ್ಷ ಆದ್ರೂ ನೀನು ಬದಲಾಗ್ಲಿಲ್ಲ."

ಟೈಲರ್ ಹೆಂಡತಿಯ ಮುಖ ನೋಡಿದ. ನಿಜ ಗೊತ್ತಿದ್ದವಳು ಅವಳೊಬ್ಬಳೇ.

"ನಾನು ಬೆಳಿಗ್ಗೆಯಿಂದ ಬಡ್ಕೊಂಡೆ ಅಣ್ಣಾ," ಎನ್ನುತ್ತ ಅವಳು ಸೂಟ್‌ಕೇಸಿಗೆ ಸೀರೆ ತುಂಬತೊಡಗಿದಳು.